ಕೂಸುಗಳ ಕೋಣೆಗೆ ಎಷ್ಟು ತಂಪು

ದೊಡ್ಡ ಸಿಸ್ಟರ್ ಕೂಸನ್ನು ಅಂಗೈಯಿಂದ ಮುಟ್ಟಿ ನೋಡಿದ್ದನ್ನು ನಾನು ಕಂಡಿಲ್ಲ. ಕೈ ಮಗುಚಿ, ಬೆರಳುಗಳ ಹಿಂಬದಿಯನ್ನು ಮೊದಲು ಕೂಸಿನ ಹೊಟ್ಟೆಯ ಮೇಲೆ ಇಡುತ್ತಿದ್ದರು, ಆಮೇಲೆ ಅಂಗಾಲಿಗೆ. ಮೂವತ್ತು ವರ್ಷ ಸಾಬೂನು, ಸ್ಪಿರಿಟ್ಟು ಅಂತ ತೊಳೆದೂ ತೊಳೆದೂ ಆ ಬೆರಳುಗಳ ಚರ್ಮ ಬಿಳಿಚಿಕೊಂಡಿತ್ತು. ಗಿಣ್ಣುಗಳ ಮೇಲೆ ಸಣ್ಣ ಸಣ್ಣ ಬಿರುಕು. ಎರಡು ಉಸಿರು ಎಳೆಯುವಷ್ಟು ಹೊತ್ತು ಇಟ್ಟು, ತೆಗೆದು, ಮಾತಿಲ್ಲದೆ ಮುಂದಿನ ತೊಟ್ಟಿಲಿಗೆ ಹೋಗುತ್ತಿದ್ದರು.

"ಹೊಟ್ಟಿ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ರ ಕೂಸು ಥಂಡಿ ಕೂಡ ಬಡದಾಡಾಕತ್ತೇತಿ ಅಂತ ತಿಳೀರಿ. ಹೊಟ್ಟಿನೂ ತಣ್ಣಗಾತಂದ್ರ ಸೋಲಾಕತ್ತೇತಿ ಅಂತ," ಎಂದು ಹೊಸದಾಗಿ ಸೇರಿದ ನರ್ಸುಗಳಿಗೆ ಹೇಳುತ್ತಿದ್ದರು. ನರ್ಸೂ ಅಲ್ಲದ, ಡಾಕ್ಟರೂ ಅಲ್ಲದ ನನಗೂ ಹೇಳಿಕೊಟ್ಟರು. ನಾನು ಏಸಿ ಮೆಕ್ಯಾನಿಕ್.

ಹಾವೇರಿಯಲ್ಲಿ ಆಗಷ್ಟೇ ಎದ್ದಿದ್ದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಅವರು ಮುಖ್ಯ ನರ್ಸ್. ದೊಡ್ಡ ಸಿಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದರೂ ಆಳು ಐದಡಿಗೆ ಎರಡು ಬೆರಳು ಕಡಿಮೆಯೇ. ಊರು ಹಲಗೇರಿ. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲಿ ಇದ್ದರು. ದಿನಾ ಬೆಳಿಗ್ಗೆ ಹಲಗೇರಿಯಿಂದ ರಾಣೇಬೆನ್ನೂರಿಗೆ ಒಂದು ಬಸ್ಸು, ಅಲ್ಲಿಂದ ಹಾವೇರಿಗೆ ಇನ್ನೊಂದು. ಎಂಟು ಹೊಡೆಯುವುದರೊಳಗೆ ಬಿಳಿ ಸೀರೆ ಉಟ್ಟು ವಾರ್ಡಿನಲ್ಲಿ ನಿಂತಿರುತ್ತಿದ್ದರು. ಬಸ್ಸು ತಪ್ಪಿತು, ಮಳೆ ಬಂತು ಎಂಬ ಮಾತು ಅವರ ಬಾಯಲ್ಲಿ ಯಾರೂ ಕೇಳಿದವರಿಲ್ಲ.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಅಪ್ಪ ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲರಾಗಿದ್ದರು. ಐಟಿಐ ಮುಗಿಸಿ ನಾನೂ ಅಲ್ಲೇ ಯಂತ್ರದ ಕೋಣೆ ಸೇರಿ ಆರು ವರ್ಷ ದುಡಿದೆ. ಅಲ್ಲಿ ಮಾಳಿಗೆ ಮುಟ್ಟುವವರೆಗೆ ಮೆಣಸಿನಕಾಯಿ ಚೀಲ. ಇಡೀ ಉಗ್ರಾಣಕ್ಕೆಲ್ಲ ಒಂದೇ ತಂಪು. ಬಾಗಿಲ ಬಳಿಯ ಮೀಟರು ನೋಡಿ ಪುಸ್ತಕದಲ್ಲಿ ಬರೆದರೆ ಮುಗಿಯಿತು. ಚೀಲ ಯಾವತ್ತೂ ಬಾಯಿ ಬಿಟ್ಟು ನನಗೆ ಚಳಿ ಎನ್ನುವುದಿಲ್ಲ. ಮೀಟರು ಹೇಳಿದ್ದೇ ಸತ್ಯ ಎಂಬ ನಂಬಿಕೆ ನನಗೆ ಅಂಟಿದ್ದು ಅಲ್ಲಿಂದ. ಆಮೇಲೆ ರಾಣೇಬೆನ್ನೂರಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಅಂಗಡಿ, ಬ್ಯಾಂಕು, ಮನೆ ಅಂತ ಒಂದೊಂದು ಕೋಣೆಗೆ ಒಂದೊಂದು ಏಸಿ ಕೂರಿಸುತ್ತಿದ್ದವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಈ ಆಸ್ಪತ್ರೆಯದು.

ಮಾಳಿಗೆಯ ಮೇಲೆ ಒಂದು ದೊಡ್ಡ ಯಂತ್ರ. ಅದರಿಂದ ಹೊರಟ ತಣ್ಣನೆಯ ಗಾಳಿ ಫಾಲ್ಸ್ ಸೀಲಿಂಗಿನ ಮೇಲೆ ಅಡಗಿದ ತಗಡಿನ ಡಕ್ಟಿನೊಳಗೆ ಹರಿದು, ಕೋಣೆಕೋಣೆಯಲ್ಲೂ ಒಂದು ಜಾಲರಿಯಿಂದ ಇಳಿಯುತ್ತಿತ್ತು. ಡಕ್ಟು ಮೊದಲು ಸಿಗುವುದು ಕೂಸುಗಳ ಕೋಣೆಗೆ, ನಂತರ ಹೆರಿಗೆ ಕೋಣೆಗೆ, ಕೊನೆಗೆ ಎಂಟು ಮಂಚದ ಬಾಣಂತಿಯರ ವಾರ್ಡಿಗೆ. ಇಷ್ಟಕ್ಕೂ ಸೇರಿ ಒಂದೇ ಥರ್ಮೋಸ್ಟಾಟು. ಎಂದರೆ, ಗೋಡೆಯ ಮೇಲೆ ಕೂತು ಸುತ್ತಲಿನ ಗಾಳಿಯ ಬಿಸಿ ತಂಪು ನೋಡಿ, ಯಂತ್ರಕ್ಕೆ "ಇನ್ನೂ ಬೇಕು", "ಇನ್ನು ಸಾಕು" ಎಂದು ಹೇಳುವ ಪುಟ್ಟ ಡಬ್ಬಿ. ಅದನ್ನು ನಾನು ಹೊರಗೆ ಕಾರಿಡಾರಿನಲ್ಲಿ, ಮೆಟ್ಟಿಲ ಪಕ್ಕದ ಗೋಡೆಗೆ ಬಡಿದಿದ್ದೆ. ವೈರು ಅಲ್ಲಿಗೆ ಸಲೀಸಾಗಿ ಬರುತ್ತಿತ್ತು. ಹತ್ತಿ ಬಂದವರಿಗೆಲ್ಲ ಕಾಣುತ್ತಿತ್ತು. ಉದ್ಘಾಟನೆಯ ದಿನ ಅದರ ಮೇಲೆ ಹಸಿರು ಅಂಕಿಯಲ್ಲಿ ಇಪ್ಪತ್ತೈದು ಎಂದು ಮೂಡಿದಾಗ ಬಂದ ಜನ ಅದರ ಫೋಟೋ ತೆಗೆದುಕೊಂಡರು. ನನ್ನ ಎದೆ ಉಬ್ಬಿತ್ತು.

ಬೇಸಿಗೆಯ ಬಿಸಿಲು ಏರಿದ ಮೇಲೆ ಒಂದು ದಿನ ಫೋನು ಬಂತು.

"ತಮ್ಮಾ, ಹಾವೇರಿ ಆಸ್ಪತ್ರಿ ಸಿಸ್ಟರ್ ಮಾತಾಡಾಕತ್ತೇನಿ. ನಿನ್ನ ಮಿಷನ್ ಕೂಸುಗಳ ಕೋಣ್ಯಾಗ ಭಾಳ ಥಂಡಿ ಬಿಡಾಕತ್ತೇತಿ. ಲಗೂನ ಬಾ."

"ನಾಡದ ಬರ್ತೇನ್ರಿ ಸಿಸ್ಟರ್."

"ನಾಡದ ಅಲ್ಲ. ಇವತ್ತ."

ಹೋದೆ. ನೇರ ಡಬ್ಬಿಯ ಮುಂದೆ ನಿಂತು ಬೆರಳು ತೋರಿಸಿದೆ. "ನೋಡ್ರಿ, ಇಪ್ಪತ್ತೈದು ತೋರಸಾಕತ್ತೇತಿ. ಮಿಷನ್ ಬರೋಬ್ಬರಿ ಐತಿ."

ಅವರು ಡಬ್ಬಿಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. "ಡಬ್ಬಿಗೆ ಥಂಡಿ ಹತ್ತಿಲ್ಲ ತಮ್ಮಾ. ಕೂಸಿಗೆ ಹತ್ತೇತಿ."

ಚಪ್ಪಲಿ ಬಿಡಿಸಿದರು. ಮೊಳಕೈವರೆಗೆ ಕೈ ತೊಳೆಸಿದರು. ಒಳಗೆ ಕರೆದುಕೊಂಡು ಹೋಗಿ, ನನ್ನ ಕೈ ಹಿಡಿದು ಮಗುಚಿ, ಹಿಂದಿನ ದಿನ ಹುಟ್ಟಿದ ಒಂದು ಕೂಸಿನ ಅಂಗಾಲಿಗೆ ಮುಟ್ಟಿಸಿದರು. ನೀರು ತುಂಬಿದ ಮಡಕೆಯ ಹೊರಮೈ ಮುಟ್ಟಿದಂತಾಯಿತು. ಆದರೂ ಮೆಕ್ಯಾನಿಕ್ಕಿನ ಸೊಕ್ಕು. ಡಬ್ಬಿಯ ಅಂಕಿ ಎರಡು ಏರಿಸಿ ಬಂದೆ. ಮರುದಿನವೇ ಮತ್ತೆ ಫೋನು. ಈಗ ವಾರ್ಡಿನಲ್ಲಿ ಬಾಣಂತಿಯರು ಬೆವರಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರಂತೆ. ಹೋಗಿ ಒಂದು ಇಳಿಸಿದೆ. ಮತ್ತೆ ಫೋನು.

"ನೀ ಏರಿಸಿದ್ರ ತಾಯಂದ್ರು ಬೇಯ್ತಾರ, ಇಳಿಸಿದ್ರ ಕೂಸು ನಡಗತಾವ. ಇದು ಏರ್ಸೋದು ಇಳ್ಸೋದ್ರಾಗ ಇಲ್ಲ, ಬ್ಯಾರೆ ಏನೋ ಐತಿ. ಹುಡಕು."

"ಇದಕ್ಕಿಂತ ಹೆಚ್ಚಿಗಿ ಏನೂ ಮಾಡಾಕ ಆಗಂಗಿಲ್ರಿ ಸಿಸ್ಟರ್."

"ಆಗಂಗಿಲ್ಲ ಅನ್ನೋ ಮಾತನ್ನ ನಾಕು ಸಲ ಮಾಡಿ ನೋಡಿದ ಮ್ಯಾಲ ಅನಬೇಕು," ಎಂದರು. ಈ ಮಾತನ್ನು ಅವರು ನರ್ಸುಗಳಿಗೂ ಹೇಳುತ್ತಿದ್ದರು. ಎದೆಹಾಲು ಕುಡಿಯದ ಕೂಸಿನ ತಾಯಿಗೂ, "ನನ್ನ ಕೈಲೆ ಆಗೂದಿಲ್ಲ" ಎಂದು ಅಳುವ ಚೊಚ್ಚಲ ಬಸುರಿಗೂ ಇದನ್ನೇ ಹೇಳುತ್ತಿದ್ದರು.

ನಾನು ಹುಡುಕಲಿಲ್ಲ. ಅವರೇ ಹುಡುಕತೊಡಗಿದರು. ಬ್ಯಾಂಡೇಜಿನ ತೆಳು ಬಟ್ಟೆಯನ್ನು ಉದ್ದುದ್ದ ಪಟ್ಟಿ ಮಾಡಿ ಪ್ರತಿ ಜಾಲರಿಗೂ ಕಟ್ಟಿಸಿದರು. ಗಾಳಿ ಜೋರಿದ್ದಲ್ಲಿ ಪಟ್ಟಿ ಅಡ್ಡಡ್ಡ ಹಾರಾಡುತ್ತಿತ್ತು, ಇಲ್ಲದಲ್ಲಿ ಜೋತು ಬೀಳುತ್ತಿತ್ತು. ಪೇಟೆಯಿಂದ ಗೋಡೆಗೆ ತೂಗುವ ನಾಲ್ಕು ಸಾದಾ ಥರ್ಮಾಮೀಟರು ತಂದು ಮೂರು ಕೋಣೆಗೂ ಕಾರಿಡಾರಿಗೂ ಹಾಕಿಸಿದರು. ಒಂದು ವಹಿಗೆ ಗೆರೆ ಎಳೆದು, ಎರಡು ತಾಸಿಗೊಮ್ಮೆ ನಾಲ್ಕೂ ಕಡೆಯ ಅಂಕಿ ಬರೆಯಬೇಕೆಂದು ಪಾಳಿಯ ನರ್ಸುಗಳಿಗೆ ಕಟ್ಟಪ್ಪಣೆ ಮಾಡಿದರು. ನಾನು ಹೋದಾಗಲೆಲ್ಲ ಆ ವಹಿಯನ್ನು ಮುಂದಿಡುತ್ತಿದ್ದರು. ನಾನು ಹಾಳೆ ತಿರುವಿ ಹಾಕಿ, "ಹೂಂ ಹೂಂ" ಎಂದು ವಾಪಸು ಕೊಡುತ್ತಿದ್ದೆ. ಒಂದು ಸಾಲನ್ನೂ ಓದುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳು ನನಗೆ ನನ್ನ ಕಸುಬು ಕಲಿಸುತ್ತಿದ್ದಾಳೆ ಎಂಬ ಸಿಟ್ಟು. ಈಗ ಅದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಹೀಗಿರುವಾಗ ತಿಂಗಳು ತುಂಬುವ ಮುನ್ನವೇ ಹುಟ್ಟಿದ ಒಂದು ಹೆಣ್ಣು ಕೂಸು. ಎರಡು ಕಿಲೋಗಿಂತ ಕಡಿಮೆ. ಹುಟ್ಟಿದ ಎರಡನೆಯ ದಿನ ಸಂಜೆಯ ಮುಂದೆ ದೊಡ್ಡ ಸಿಸ್ಟರ್ ಮುಟ್ಟಿ ನೋಡಿದರೆ ಅಂಗಾಲಷ್ಟೇ ಅಲ್ಲ, ಹೊಟ್ಟೆಯೂ ತಣ್ಣಗೆ. ಅಳುವ ತ್ರಾಣವೂ ಇರಲಿಲ್ಲವಂತೆ. ಅವರು ಕೂಸನ್ನು ಎತ್ತಿಕೊಂಡು ವಾರ್ಡಿಗೆ ಹೋಗಿ, ಬಟ್ಟೆ ಬಿಚ್ಚಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಕಂಬಳಿ ಹೊದಿಸಿದರು. ಡಾಕ್ಟರಿಗೆ ಹೇಳಿಕಳಿಸಿದರು. ಆಮೇಲೆ ಕೂಸುಗಳ ಕೋಣೆಗೆ ಬಂದು, ತಾವೇ ಸ್ಟೂಲು ಹತ್ತಿ, ಸಲಾಯಿನ್ ಬಾಟಲಿ ಬರುವ ಪೆಟ್ಟಿಗೆಯ ರಟ್ಟು ಹರಿದು, ಜಾಲರಿಗೆ ಪ್ಲಾಸ್ಟರಿನಿಂದ ಅಂಟಿಸಿಬಿಟ್ಟರು. ಗಾಳಿ ನಿಂತಿತು. ಎರಡು ತಾಸಿನ ಮೇಲೆ ಕೂಸು ತಾಯಿಯ ಎದೆಯ ಮೇಲೆ ಬಾಯಿ ಚಪ್ಪರಿಸಿತು. ಉಳಿಯಿತು.

ರಟ್ಟು ಹಾಗೇ ಉಳಿಯಿತು. ಮೂರನೆಯ ದಿನ ಕಾರಿಡಾರಿನ ಹೊಸ ಸೀಲಿಂಗಿನಿಂದ ನೀರು ತೊಟ್ಟಿಕ್ಕತೊಡಗಿತು. ವಾರ್ಡಿನಲ್ಲಿ ತಂಪು ಪೂರಾ ನಿಂತಿತು. ನಾನು ಹೋಗಿ ಬಿಚ್ಚಿ ನೋಡಿದರೆ ಯಂತ್ರದೊಳಗೆ ಬರ್ಫ ಕಟ್ಟಿಕೊಂಡು, ಅದು ಕರಗಿ ಹರಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಜಾಲರಿಯನ್ನು ಮುಚ್ಚಿದ್ದರಿಂದ ಗಾಳಿ ಸಾಲದೆ ಹಾಗಾಗಿತ್ತು. ರಟ್ಟು ಕಿತ್ತೆ. ಅತಿ ಸಣ್ಣ ಕೋಣೆಗೆ ಅತಿ ದೊಡ್ಡ ಜಾಲರಿ ಇಟ್ಟವನೂ ನಾನೇ.

ಆಸ್ಪತ್ರೆಯ ಯಜಮಾನರಾದ ಡಾಕ್ಟರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಹೊಸ ಸೀಲಿಂಗು ಹಾಳಾದ ಸಂಕಟ, ಹೊರಗೆ ಬಾಣಂತಿಯರ ಕಡೆಯವರ ಗದ್ದಲ.

"ಯಾರು ಹಚ್ಚಿದ್ದು ಆ ರಟ್ಟು?"

"ನಾನರಿ ಸಾಹೇಬ್ರ," ಎಂದರು ದೊಡ್ಡ ಸಿಸ್ಟರ್.

"ಮಿಷನ್ ಬಗ್ಗೆ ನಿಮಗೇನು ಗೊತ್ತು ಅಂತ ಅದರ ತಂಟಿಗೆ ಹೋದ್ರಿ?"

"ಮಿಷನ್ ಬಗ್ಗೆ ಗೊತ್ತಿಲ್ರಿ. ಕೂಸಿನ ಬಗ್ಗೆ ಗೊತ್ತೈತಿ. ಅದಕ್ಕ ಹಚ್ಚಿದೆ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀ ಹೇಳಪಾ. ನೀರು ಸೋರಿದ್ದು ಆ ರಟ್ಟಿನಿಂದನ ಏನು?"

"ಹೌದ್ರಿ," ಎಂದೆ. "ಗಾಳಿ ಕಟ್ಟಿದ್ರ ಬರ್ಫ ಹಿಡೀತೈತ್ರಿ."

ಹೇಳಿದ್ದು ಸುಳ್ಳಲ್ಲ. ಆದರೆ ರಟ್ಟು ಯಾಕೆ ಬೇಕಾಯಿತು ಎಂಬ ಉಳಿದರ್ಧವನ್ನು ನುಂಗಿದೆ. ದೊಡ್ಡ ಸಿಸ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಇನ್ನೊಮ್ಮೆ ಯಂತ್ರಕ್ಕೆ ಕೈ ಹಚ್ಚಿದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಡಾಕ್ಟರು ಅವರಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು.

ಮೆಟ್ಟಿಲ ಬಳಿ ಬಂದಾಗ ಅವರು ಡಬ್ಬಿಯ ಹತ್ತಿರ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನೀ ಸುಮ್ಮನಿದ್ದಿ, ಇರ್ಲಿ. ಆದ್ರ ಇದು ಸುಮ್ಮನಿರಂಗಿಲ್ಲ ತಮ್ಮಾ. ನಾಳೆನೂ ಸುಳ್ಳು ಹೇಳತೈತಿ, ನಾಡದನೂ ಹೇಳತೈತಿ," ಎಂದು ಡಬ್ಬಿಯನ್ನು ತೋರಿಸಿ, ಒಳಗೆ ಹೋದರು. ವಾರ್ಡಿನಲ್ಲಿ ಯಾರೋ ಕರೆಯುತ್ತಿದ್ದರು.

ಆ ದಿನ ರಾಣೇಬೆನ್ನೂರಿಗೆ ಬೈಕು ಹೊಡೆದುಕೊಂಡು ಬಂದವನಿಗೆ ದಾರಿ ಸವೆದದ್ದೇ ತಿಳಿಯಲಿಲ್ಲ. ಅವರು ಬೈದಿದ್ದರೆ ಹೇಗೋ ಜಗಳ ಮಾಡಿ ಹಗುರಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ನಿಂತೆ. "ಅಕ್ಕಾರ, ಆ ವಹಿ ಕೊಡ್ರಿ," ಎಂದೆ. ಅಲ್ಲಿಯವರೆಗೆ ಸಿಸ್ಟರ್ ಎನ್ನುತ್ತಿದ್ದವನ ಬಾಯಲ್ಲಿ ಅಕ್ಕಾರ ಎಂದು ತಾನಾಗಿಯೇ ಬಂತು. ಅವರು ಏನೂ ಕೇಳದೆ ವಹಿ ಕೊಟ್ಟರು. ಕೂಸುಗಳ ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಸಿದರು. ಕೈ ತೊಳೆದು ಅಲ್ಲೇ ಕೂತೆ. ಮಧ್ಯಾಹ್ನ ತಮ್ಮ ಬುತ್ತಿಯಿಂದ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟರು. ಅವರು ನಿಂತೇ ಉಂಡರು. ಅವರು ಕೂತು ಉಂಡದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ಮಧ್ಯಾಹ್ನದವರೆಗೆ ಎಲ್ಲ ಸರಿಯಿತ್ತು. ನಾಲ್ಕು ಗಂಟೆಗೆ ನೋಡಲು ಬರುವ ಜನರನ್ನು ಒಳಗೆ ಬಿಟ್ಟರು. ಮೆಟ್ಟಿಲ ತುಂಬ ಅಜ್ಜಿಯರು, ಅತ್ತೆಯರು, ಬುತ್ತಿ ಹೊತ್ತ ಗಂಡಸರು. ನಾನು ಹೊರಗೆ ಬಂದು ನಿಂತೆ. ಮೆಟ್ಟಿಲ ಕಡೆ ಪಡುವಣಕ್ಕೊಂದು ದೊಡ್ಡ ಗಾಜಿನ ಕಿಟಕಿ. ಅದರಿಂದ ಬಿದ್ದ ಬಿಸಿಲಿನ ಪಟ್ಟಿ ಗೋಡೆಯ ಮೇಲೆ ಸರಿಯುತ್ತ ಸರಿಯುತ್ತ ಬಂದು ನನ್ನ ಡಬ್ಬಿಯ ಮೇಲೆ ಕೂತಿತು. ಇಪ್ಪತ್ತೈದು ಇದ್ದದ್ದು ಇಪ್ಪತ್ತೇಳಾಯಿತು, ಇಪ್ಪತ್ತೊಂಬತ್ತಾಯಿತು. ಮಾಳಿಗೆಯ ಮೇಲೆ ಯಂತ್ರ ಗುಡುಗತೊಡಗಿತು. ಕಾರಿಡಾರಿನ ಬಿಸಿಲನ್ನು ಇಳಿಸಲು ಅದು ಮೈಮುರಿದು ದುಡಿಯುತ್ತಿತ್ತು. ಆ ತಂಪೆಲ್ಲ ಹೋಗಿ ಬೀಳುತ್ತಿದ್ದದ್ದು ಡಕ್ಟಿನ ಬಾಯಿಗೇ ಇದ್ದ ಕೂಸುಗಳ ಮೇಲೆ. ಓಡಿ ಒಳಗೆ ಹೋದೆ. ಥರ್ಮಾಮೀಟರು ಇಪ್ಪತ್ತೆರಡಕ್ಕೆ ಇಳಿದಿತ್ತು, ಇನ್ನೂ ಇಳಿಯುತ್ತಿತ್ತು. ಜನ ಇಳಿದುಹೋಗಿ, ಸೂರ್ಯ ಮುಳುಗಿ, ಕಾರಿಡಾರು ತಣ್ಣಗಾದ ಮೇಲೆ ಡಬ್ಬಿ "ಸಾಕು" ಎಂದಿತು. ಯಂತ್ರ ನಿಂತಿತು. ಈಗ ವಾರ್ಡು ಬೇಯತೊಡಗಿತು.

ವಹಿ ಬಿಡಿಸಿದೆ. ಇಪ್ಪತ್ತು ದಿನದ ಹಾಳೆಗಳಲ್ಲಿ ಇದೇ ಕತೆ, ನಾಲ್ಕರ ಸಾಲಿನಲ್ಲಿ, ಆರರ ಸಾಲಿನಲ್ಲಿ, ಪ್ರತಿ ದಿನವೂ. ಓದಿದ್ದರೆ ಆ ಕೂಸಿನ ಹೊಟ್ಟೆ ತಣ್ಣಗಾಗುವ ಪ್ರಸಂಗವೇ ಬರುತ್ತಿರಲಿಲ್ಲ.

ವಹಿ ಹಿಡಿದು ಡಾಕ್ಟರ ಕೋಣೆಗೆ ಹೋದೆ. ಅಕ್ಕನನ್ನು ಕರೆಯಲಿಲ್ಲ, ಅವರೇ ಹಿಂದೆ ಬಂದು ಬಾಗಿಲಲ್ಲಿ ನಿಂತರು.

"ಸಾಹೇಬ್ರ, ನಿನ್ನೆ ಅರ್ಧ ಹೇಳಿದ್ದೆ. ರಟ್ಟು ಹಚ್ಚದಿದ್ರೂ ಆ ಕೋಣಿ ಥಂಡಿನ ಇರೋದು. ಡಬ್ಬಿ ಹಾಕಿದ ಜಾಗ ತಪ್ಪೈತ್ರಿ. ತಪ್ಪು ನಂದು. ಒಂದ ಡಬ್ಬಿ ಮೂರು ಕೋಣಿ ಮಾತು ಹೇಳಾಕ ಆಗಂಗಿಲ್ಲ. ಕೋಣಿಗೊಂದು ಡಬ್ಬಿ ಬೇಕು, ಡಕ್ಟಿನೊಳಗ ಕೋಣಿಗೊಂದು ಬಾಗಲಾ ಬೇಕು. ಸೀಲಿಂಗ್ ಬಿಚ್ಚಬೇಕ್ರಿ."

ಡಾಕ್ಟರು ಬಹಳ ಹೊತ್ತು ವಹಿ ನೋಡಿದರು. "ಸೀಲಿಂಗ್ ಬಿಚ್ಚಿದ್ರ ಹೆರಿಗಿ ನಿಲ್ತಾವೇನಪಾ? ಆಗಂಗಿಲ್ಲ. ಆ ಡಬ್ಬಿನ ಕೂಸುಗಳ ಕೋಣ್ಯಾಗ ಹಾಕಿಬಿಡು, ಮುಗೀತು."

"ಹಂಗ ಮಾಡಿದ್ರ ವಾರ್ಡಿನ್ಯಾಗ ಬಾಣಂತೇರು ಬೇಯ್ತಾರ್ರಿ."

ಆಗ ಬಾಗಿಲಿನಿಂದ ಅಕ್ಕ ಮಾತಾಡಿದರು, ದನಿ ಏರಿಸದೆ. "ಹಂಗಾದ್ರ ಇವತ್ತಿಂದ ಆ ಕೋಣ್ಯಾಗ ಕೂಸು ಇಡಂಗಿಲ್ರಿ ಸಾಹೇಬ್ರ. ನನ್ನ ತಗದ್ರೂ ಸೈ."

ಹೇಳಿದಂತೆಯೇ ಮಾಡಿದರು. ನರ್ಸುಗಳು ಬಟ್ಟೆ ಬದಲಿಸುವ ಕೋಣೆಗೆ ಡಕ್ಟು ಇರಲಿಲ್ಲ. ಅದನ್ನು ತೊಳೆಸಿ ಐದೂ ತೊಟ್ಟಿಲನ್ನು ಅಲ್ಲಿಗೆ ಸಾಗಿಸಿದರು. ನರ್ಸುಗಳು ಹಾಸಿಗೆ ಬಟ್ಟೆ ಇಡುವ ಇಕ್ಕಟ್ಟಿನಲ್ಲಿ ಸೀರೆ ಉಟ್ಟರು, ಯಾರೂ ತಕರಾರು ಎತ್ತಲಿಲ್ಲ. ಗಾಜಿನ ಬಾಗಿಲಿನ, ಬಣ್ಣದ ಚಿತ್ರ ಬರೆಸಿದ ಕೂಸುಗಳ ಕೋಣೆ ಬರಿದಾಗಿ ನಿಂತಿತು. ನೋಡಲು ಬಂದವರು "ಇದ್ಯಾಕ ಖಾಲಿ?" ಎಂದು ಕೇಳತೊಡಗಿದರು. ಎಂಟು ದಿನ ಹೀಗೇ ನಡೆಯಿತು. ಡಾಕ್ಟರು ಮುನಿಸಿಕೊಂಡು ಅಕ್ಕನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಒಂಬತ್ತನೆಯ ದಿನ ಅಕ್ಕನೇ ಅವರ ಮುಂದೆ ಹೋಗಿ ನಿಂತರು. ಆ ಹೊತ್ತಿಗೆ ನಾನೂ ಅಲ್ಲಿದ್ದೆ, ದಿನಾ ಹೋಗುತ್ತಿದ್ದೆ. "ಸಾಹೇಬ್ರ, ನಾಕರಿಂದ ಐದು, ಒಂದ ತಾಸು ಆ ಕೋಣ್ಯಾಗ ಕುಂತು ನಿಮ್ಮ ಕಾಗದ ಬರೀರಿ. ಆಮ್ಯಾಲ ನೀವು ಹೆಂಗಂತೀರಿ ಹಂಗ."

ಡಾಕ್ಟರು ನಕ್ಕುಬಿಟ್ಟರು. ನಕ್ಕ ಮೇಲೆ ಒಲ್ಲೆ ಎನ್ನಲಾಗಲಿಲ್ಲ. ಹೋಗಿ ಕೂತರು. ಅಕ್ಕ ಒದ್ದೆ ಬಟ್ಟೆ ತಂದು, "ತೋಳು ಮ್ಯಾಲ ಮಾಡ್ರಿ," ಎಂದು ಅವರ ಎರಡೂ ಕೈಗಳನ್ನು ಮೊಳಕೈವರೆಗೆ ಒರೆಸಿದರು. "ಇದ್ಯಾಕ?" ಎಂದರು ಡಾಕ್ಟರು. "ಕೂಸು ಹುಟ್ಟುವಾಗ ಒದ್ದಿ ಇರತೈತಲ್ರಿ," ಎಂದರು ಅಕ್ಕ. ಹೊರಗೆ ಜನ ಬಂದರು, ಬಿಸಿಲು ಡಬ್ಬಿಯ ಮೇಲೆ ಬಂತು, ಯಂತ್ರ ಗುಡುಗಿತು. ಗಾಜಿನಾಚೆಯಿಂದ ನಾವಿಬ್ಬರೂ ನೋಡುತ್ತಿದ್ದೆವು. ಮೊದಲು ಡಾಕ್ಟರು ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಆಮೇಲೆ ಕುರ್ಚಿಯನ್ನು ಜಾಲರಿಯಿಂದ ದೂರ ಎಳೆದುಕೊಂಡರು. ಆಮೇಲೆ ಬರೆಯುವುದನ್ನು ನಿಲ್ಲಿಸಿ ಖಾಲಿ ಕೋಣೆಯನ್ನು ಸುಮ್ಮನೆ ನೋಡುತ್ತ ಕೂತರು. ಅರ್ಧ ತಾಸಿಗೆ ಹೊರಬಂದು ನನ್ನನ್ನು ಕೇಳಿದರು.

"ಎರಡು ದಿನ ಸಾಕೇನಪಾ?"

"ಮೂರು ಬೇಕ್ರಿ."

"ಮೂರ ದಿನ. ನಾಕನೇದ್ದು ಆಗಬಾರದು." ಅಷ್ಟು ಹೇಳಿ ಅಕ್ಕನ ಕಡೆ ತಿರುಗಿ, "ಸಿಸ್ಟರ್, ನಿಮಗ ಅವತ್ತ ಅಂದಿದ್ದು ತಪ್ಪಾತು," ಎಂದರು. ಅಕ್ಕ ತಲೆಯಾಡಿಸಿ, ತೊಟ್ಟಿಲು ಒರೆಸಲು ನೀರು ಕಾಯಿಸಿ ಎಂದು ನರ್ಸಿಗೆ ಕೂಗಿ ಹೇಳಿದರು.

ಸೀಲಿಂಗು ಬಿಚ್ಚಿದೆವು. ಕೂಸುಗಳ ಕೋಣೆಯ ಜಾಲರಿ ಸಣ್ಣದು ಮಾಡಿದೆ. ಡಕ್ಟಿನೊಳಗೆ ಪ್ರತಿ ಕೋಣೆಯ ದಾರಿಗೂ ತಗಡಿನ ಬಾಗಿಲು, ಅದನ್ನು ತಿರುಗಿಸಲು ಪುಟ್ಟ ಮೋಟರು. ಕೋಣೆಯ ಡಬ್ಬಿ "ಸಾಕು" ಎಂದರೆ ಆ ಕೋಣೆಯ ಬಾಗಿಲಷ್ಟೇ ಮುಚ್ಚಬೇಕು, ಉಳಿದವರ ತಂಪು ನಿಲ್ಲಬಾರದು. ಮುಚ್ಚಿದಾಗ ಉಳಿದ ಗಾಳಿ ಬರ್ಫಕ್ಕೆ ದಾರಿ ಮಾಡದಂತೆ ಯಂತ್ರಕ್ಕೇ ಮರಳಲು ಇನ್ನೊಂದು ಕಿರುದಾರಿ. "ಕೂಸುಗಳ ಬಾಗಲಾ ಪೂರ್ತಿ ಮುಚ್ಚಬ್ಯಾಡ. ಉಸರಾಡಾಕ ಹೊಸ ಗಾಳಿ ಬೇಕಲ್ಲ," ಎಂದು ಅಕ್ಕ ಕೆಳಗಿನಿಂದ ಹೇಳಿದರು. ಎರಡು ಬೆರಳು ಸಂದು ಬಿಟ್ಟೆ.

ಡಬ್ಬಿ ಹಾಕುವಾಗ ಜಗಳ ಬಿತ್ತು. ನಾನು ರೂಢಿಯಂತೆ ಎದೆಯೆತ್ತರಕ್ಕೆ ಗುರುತು ಹಾಕಿದ್ದೆ.

"ಇಷ್ಟು ಮ್ಯಾಲ ಯಾಕ?"

"ಹಿಂಗ ಹಾಕೋದ್ರಿ ಅಕ್ಕಾರ. ನಿಂತ ಮನಷ್ಯಾಗ ಬರೋಬ್ಬರಿ ಆಗಬೇಕು."

"ಕೂಸು ನಿಂತಿರ್ತಾವೇನು?"

ಟೇಪು ತಂದು ನೆಲದಿಂದ ತೊಟ್ಟಿಲ ಹಾಸಿಗೆಯವರೆಗೆ ಅಳೆದು, ಗೋಡೆಯ ಮೇಲೆ ತಾವೇ ಪೆನ್ಸಿಲಿನಿಂದ ಗೆರೆ ಎಳೆದರು. ಜಾಲರಿಯ ಗಾಳಿ ನೇರ ಬೀಳದ, ಬಾಗಿಲ ಸುಳಿ ತಾಗದ, ಬಿಸಿಲು ಕಾಣದ ಒಳಗೋಡೆ. ಅಲ್ಲಿಗೇ ಹಾಕಿದೆ.

ಮೂರನೆಯ ದಿನ ಮಧ್ಯಾಹ್ನ ಚಾಲೂ ಮಾಡಿದರೆ ವಾರ್ಡಿನ ಜಾಲರಿ ಸೀಟಿ ಹೊಡೆಯತೊಡಗಿತು. ಒಂದು ಕಡೆ ಮುಚ್ಚಿದ ಗಾಳಿ ಇನ್ನೊಂದು ಕಡೆ ನುಗ್ಗುತ್ತಿತ್ತು. ಕಿರುದಾರಿಯ ಬಾಗಿಲನ್ನು ಸಡಿಲಿಸಿದೆ, ಮತ್ತೆ ಸಡಿಲಿಸಿದೆ. ಸೀಟಿ ಸಣ್ಣದಾಯಿತು, ನಿಲ್ಲಲಿಲ್ಲ.

"ಇಷ್ಟ ಆಗೋದ್ರಿ," ಎಂದೆ ಬೆವರು ಒರೆಸಿಕೊಳ್ಳುತ್ತ.

"ಎಷ್ಟು ಸಲ ನೋಡಿದಿ?"

"ಎರಡ."

"ಇನ್ನ ಎರಡ ಉಳದಾವ." ಅಷ್ಟು ಹೇಳಿ ಏಣಿ ಹಿಡಿದು ನಿಂತರು. ನಾಲ್ಕನೆಯ ಸಲಕ್ಕೆ ಸೀಟಿ ನಿಂತಿತು.

ಮರುದಿನ ನಾಲ್ಕಕ್ಕೆ ಜನ ಬಂದರು, ಬಿಸಿಲು ಬಂತು. ಕೂಸುಗಳ ಕೋಣೆ ಇಪ್ಪತ್ತೇಳರಲ್ಲಿ ನಿಂತಿತು, ವಾರ್ಡು ಇಪ್ಪತ್ತೈದರಲ್ಲಿ. ಅಕ್ಕ ಅಂಕಿ ನೋಡಲಿಲ್ಲ. ಒಂದೊಂದೇ ತೊಟ್ಟಿಲಿಗೆ ಹೋಗಿ ಐದೂ ಕೂಸುಗಳನ್ನು ಮುಟ್ಟಿ ನೋಡಿದರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಬಾಗಿಲಲ್ಲಿ ನಿಂತಿದ್ದೆ. ಕೊನೆಯ ತೊಟ್ಟಿಲಿನಿಂದ ತಿರುಗಿ, "ಹೂಂ," ಎಂದರು. ಅಷ್ಟೇ. ಆಮೇಲೆ ಎಷ್ಟೋ ಕಡೆ ಶಾಲು ಹೊದಿಸಿಕೊಂಡಿದ್ದೇನೆ. ಆ "ಹೂಂ" ಕೇಳಿದಾಗಿನ ಹಿಗ್ಗು ಮತ್ತೆ ಬಂದಿಲ್ಲ.

ಅದಾದ ಮೇಲೆ ಹತ್ತು ವರ್ಷದಲ್ಲಿ ನಾನು ಆಸ್ಪತ್ರೆ, ಶಾಲೆ, ಬೀಜದ ಉಗ್ರಾಣ ಅಂತ ಬೇಕಾದಷ್ಟು ಕೆಲಸ ಮಾಡಿದೆ. ದೊಡ್ಡ ಕೆಲಸ ಬಂದಾಗಲೆಲ್ಲ ಅಕ್ಕನಿಗೆ ಫೋನು. ಯಂತ್ರ ಎಷ್ಟು ಟನ್ನಿನದು ಎಂದು ಅವರು ಒಮ್ಮೆಯೂ ಕೇಳಲಿಲ್ಲ. "ಅಲ್ಲಿ ಯಾರು ಮಲಗ್ತಾರ? ಕಿಡಕಿ ಯಾ ಕಡೆ ಐತಿ? ಮಂದಿ ಯಾವಾಗ ಬರ್ತಾರ?" ಎಂದು ಕೇಳುತ್ತಿದ್ದರು. ಇವಕ್ಕೆ ಉತ್ತರ ಹುಡುಕುತ್ತ ಹೋದರೆ ಡಕ್ಟಿನ ನಕ್ಷೆ ತಾನಾಗಿ ಮೂಡುತ್ತಿತ್ತು.

ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಧೈರ್ಯ ಮಾಡಿ ಹೇಳಿದೆ: "ಅಕ್ಕಾರ, ಅವತ್ತ ಸಾಹೇಬ್ರ ಮುಂದ ನಾ ಸುಮ್ಮನಿದ್ನೆಲ್ಲ, ಅದು ಇನ್ನಾ ಕೊರೀತೈತ್ರಿ."

"ಮರದಿನಾ ಬಂದೀಯಲ್ಲ," ಎಂದರು ಹಲಗೇರಿ ಬಸ್ಸಿನ ಕಡೆ ನೋಡುತ್ತ. "ಭಾಳ ಮಂದಿ ಬರಂಗಿಲ್ಲ."

ನಿವೃತ್ತರಾಗಿ ಎರಡೇ ವರ್ಷಕ್ಕೆ ಅವರ ಹೃದಯ ಸೋಲತೊಡಗಿತು. ಕಳೆದ ಚಳಿಗಾಲದಲ್ಲಿ ನೋಡಲು ಹಲಗೇರಿಗೆ ಹೋದೆ. ಪಡಸಾಲೆಯಲ್ಲಿ ಮಂಚ ಹಾಕಿದ್ದರು. ದಿಂಬಿಗೆ ಒರಗಿ ಕೂತು, ಉಸಿರಿಗೊಮ್ಮೆ ನಿಂತು ಮಾತಾಡುತ್ತಿದ್ದರು. ಆರೋಗ್ಯದ ಮಾತು ಎತ್ತಗೊಡಲಿಲ್ಲ.

"ಈಗೇನು ಕೆಲಸ ನಡಸೀದಿ?"

"ಬ್ಯಾಡಗ್ಯಾಗ ಹೊಸಾ ಹೆರಿಗಿ ಆಸ್ಪತ್ರಿ ಕಟ್ಟಾಕತ್ತಾರ್ರಿ. ನಾಕು ಕೋಣಿಗೂ ಒಂದ ಥರ್ಮೋಸ್ಟಾಟು ಸಾಕು ಅಂತಾರ ಮಾಲಕ್ರು."

"ನೀ ಏನಂದಿ?"

"ಇನ್ನಾ ಏನೂ ಅಂದಿಲ್ರಿ." ನಮ್ಮೂರಿನ ಕೆಲಸ. ಮಾಲಕರು ಅಪ್ಪನ ಕಾಲದಿಂದ ಪರಿಚಯದವರು. ಬಿಡಲು ಮನಸ್ಸಿರಲಿಲ್ಲ.

ಅಕ್ಕ ದಿಂಬಿನಿಂದ ತುಸು ಮೇಲೆದ್ದು ಕೂತರು. ಒಂದೇ ಮಾತು: "ಅನ್ನು."

ಎಂಟು ದಿನದ ಮೇಲೆ ಅವರ ತಮ್ಮ ಫೋನು ಮಾಡಿದರು. ಮಣ್ಣಿಗೆ ಹೋದೆ. ಊರವರಿಗಿಂತ ಹೊರಗಿನ ಹೆಂಗಸರೇ ಹೆಚ್ಚಿದ್ದರು. ಯಾವ ಯಾವ ಊರಿನಿಂದಲೋ ಬಸ್ಸು ಹತ್ತಿ ಬಂದವರು. ಒಬ್ಬರಿಗೊಬ್ಬರು ಪರಿಚಯವಿಲ್ಲದಿದ್ದರೂ ಪಕ್ಕಪಕ್ಕ ಕೂತು ಅಳುತ್ತಿದ್ದರು.

ಮರುದಿನ ಬ್ಯಾಡಗಿಗೆ ಹೋಗಿ ಮಾಲಕರಿಗೆ ಅಂದೆ. ಒಂದೇ ಥರ್ಮೋಸ್ಟಾಟಿನಲ್ಲಿ ನಾನು ಮಾಡುವುದಿಲ್ಲ, ಮಾಡಿದರೆ ಕೂಸುಗಳಿಗೆ ತೊಂದರೆಯಾಗುತ್ತದೆ ಎಂದು. "ಮಾಡೋರು ಬ್ಯಾರೆ ಅದಾರ ಬಿಡು," ಎಂದರು. ಕೆಲಸ ಹಾವೇರಿಯ ಇನ್ನೊಬ್ಬ ಮೆಕ್ಯಾನಿಕ್ಕಿಗೆ ಹೋಯಿತು. ಆತನ ಮುಖವನ್ನೂ ನಾನು ನೋಡಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಅವನ ಫೋನು ಬಂತು. "ಅಣ್ಣಾರ, ನೀವು ಬಿಟ್ಟ ಕೆಲಸ ನಾ ಹಿಡದೇನ್ರಿ. ಕೈಗೆ ಬಂದ ಕೆಲಸ ಯಾರೂ ಬಿಡಂಗಿಲ್ಲ. ನೀವ್ಯಾಕ ಬಿಟ್ರಿ? ಖರೇ ಹೇಳ್ರಿ."

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಹೋದೆ. ಅರ್ಧ ಕಟ್ಟಿದ ಗೋಡೆಗಳ ನಡುವೆ ಅವನನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ತಿರುಗಿದೆ. ಅವನು ಗಟ್ಟಿ ಆಸಾಮಿ. ಕೇಳಬೇಕಾದ್ದೆಲ್ಲ ಕೇಳಿದ. ಕೊನೆಗೆ, "ನಡೀರಿ, ಇಬ್ಬರೂ ಹೋಗಿ ಹೇಳೂಣು," ಎಂದ. ಇಬ್ಬರು ಮೆಕ್ಯಾನಿಕ್ಕುಗಳು ಒಟ್ಟಿಗೆ ಬಂದು ಒಂದೇ ಮಾತು ಹೇಳುವುದನ್ನು ಮಾಲಕರು ತಮ್ಮ ಜನ್ಮದಲ್ಲೇ ಕಂಡಿರಲಿಕ್ಕಿಲ್ಲ. ಮೊದಲು ರೇಗಿದರು, ಆಮೇಲೆ ಕುರ್ಚಿ ತೋರಿಸಿದರು, ಆಮೇಲೆ ಚಹಾ ತರಿಸಿದರು. ಸಂಜೆಯಾಗುವುದರೊಳಗೆ ಒಪ್ಪಿದರು.

ಈಗ ಆ ಆಸ್ಪತ್ರೆಯಲ್ಲಿ ನಾಲ್ಕು ಕೋಣೆಗೆ ನಾಲ್ಕು ಥರ್ಮೋಸ್ಟಾಟು ಇವೆ. ಯಂತ್ರದ ಮೇಲೆ ಅವನ ಅಂಗಡಿಯ ಹೆಸರಿನ ಚೀಟಿ ಅಂಟಿದೆ, ನನ್ನದಿಲ್ಲ. ನಾನು ಮಾಡಿದ ಕೆಲಸಗಳಲ್ಲೆಲ್ಲ ಅದೇ ಒಳ್ಳೆಯ ಕೆಲಸ ಎಂದು ನನಗೆ ಅನ್ನಿಸುತ್ತದೆ.